ಎಷ್ಟು ನೀರು, ಎಂಥ ನೀರು: ಕೃಷ್ಣೆ-ಭೀಮೆಯ ನಡುವೆ ಜಲವಿಜ್ಞಾನ ನಡೆದ ಹಾದಿ

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ವನದುರ್ಗ ಸುರಪುರ ನಾಯಕರ ಕಾಲದ ಕೋಟೆಯಿಂದ ಹೆಸರಾದ ಊರು. ಕೃಷ್ಣೆಗೂ ಭೀಮೆಗೂ ನಡುವಿನ ಈ ಸೀಮೆಯಲ್ಲಿ ಕೋಟೆಗಳಿಗೆ ಬರವಿಲ್ಲ. ಆದರೆ ನೀರಿನ ವಿಜ್ಞಾನದ ಬೆನ್ನು ಹತ್ತಿದವರಿಗೆ ಇಲ್ಲಿ ಸಿಗುವಷ್ಟು ಪಾಠ ಒಂದೇ ಜಾಗದಲ್ಲಿ ಸಿಗುವುದು ಅಪರೂಪ. ಇದೇ ತಾಲ್ಲೂಕಿನ ಗೋಗಿಯಲ್ಲಿ ನೆಲದಡಿ ಯುರೇನಿಯಂ ಇದೆ. ನೆರೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಬೋರಿನ ನೀರಿನಲ್ಲಿ ಆರ್ಸೆನಿಕ್ ಸಿಕ್ಕಿದೆ. ಗ್ರಾನೈಟ್ ಗುಡ್ಡಗಳ ಆಸುಪಾಸಿನ ಊರುಗಳಿಗೆ ಫ್ಲೋರೈಡ್ ಹಳೆಯ ಕಾಟ. ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಎರಿ ಹೊಲಗಳಿಗೆ ಸವಳು-ಜವಳಿನ ಚಿಂತೆ ಸೇರಿಕೊಂಡಿದೆ.

ಈ ಸೀಮೆಯ ನೀರಿನ ಬಗ್ಗೆ ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಅಧ್ಯಯನ ನಡೆದಿದೆ. ಅದರಲ್ಲಿ ಹೆಚ್ಚಿನ ಪಾಲು ‘ಎಷ್ಟು ನೀರು’ ಎಂಬ ಒಂದೇ ಪ್ರಶ್ನೆಯ ಸುತ್ತ ಸುತ್ತಿತು. ‘ಎಂಥ ನೀರು’ ಎಂಬ ಪ್ರಶ್ನೆ ಹೆಚ್ಚಿನ ಸಲ ತಡವಾಗಿ, ಜನ ಕುಡಿದು ಕಾಯಿಲೆ ಬಿದ್ದ ಮೇಲೆ ಬಂತು. ಎರಡು ಪ್ರಶ್ನೆಗಳನ್ನೂ ಬೇರೆ ಬೇರೆ ಇಲಾಖೆಗಳು, ಬೇರೆ ಬೇರೆ ಶಾಸ್ತ್ರದವರು ಕೇಳುತ್ತ ಬಂದರು. ಅವು ಒಂದೇ ಪ್ರಶ್ನೆಯ ಎರಡು ಮುಖ ಎಂದು ತಿಳಿಯುವ ಹೊತ್ತಿಗೆ ಮೂರು ತಲೆಮಾರು ಕಳೆದಿದ್ದವು.

ಬೋರು ಬರುವ ಮೊದಲು ಇಲ್ಲಿನ ಊರುಗಳಿಗೆ ಕೆರೆ, ಹಳ್ಳದ ಒರತೆ, ಬಾವಿಗಳೇ ಆಸರೆ. ಸುರಪುರದ ಬಳಿಯ ಬೋನಾಳ ಕೆರೆ ನಾಯಕ ಅರಸರು ಕಟ್ಟಿಸಿದ್ದು. ರಾಜ ಬಾಲಕನಾಗಿದ್ದ ವರ್ಷಗಳಲ್ಲಿ ಸಂಸ್ಥಾನದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ 19ನೇ ಶತಮಾನದ ನಡುಭಾಗದಲ್ಲಿ ಅದನ್ನು ದುರಸ್ತಿ ಮಾಡಿಸಿದ. ಇಂದು ಅದು ಪಕ್ಷಿಧಾಮ. ಕುಡಿಯುವ ನೀರಿಗೆ ಮಾತ್ರ ಹೆಚ್ಚು ಕಡೆ ಪಾವಟಿಗೆ ಬಾವಿಗಳಿದ್ದವು. ಕೊಡ ಹಿಡಿದು ಮೆಟ್ಟಿಲಿಳಿದು, ಕಾಲು ನೀರಿನಲ್ಲಿಟ್ಟು ತುಂಬಿಕೊಳ್ಳುವ ಬಾವಿಗಳು ಅವು. ಅಲ್ಲಿಂದಲೇ ನಾರುಹುಣ್ಣು ಹರಡುತ್ತಿತ್ತು.

ನಾರುಹುಣ್ಣಿನ ಹುಳು ಒಂದು ಮೀಟರ್‌ವರೆಗೂ ಬೆಳೆಯುತ್ತದೆ. ಸೈಕ್ಲಾಪ್ಸ್ ಎಂಬ, ಕಣ್ಣಿಗೆ ಕಂಡೂ ಕಾಣದ ಜಲಜೀವಿಯ ಹೊಟ್ಟೆಯಲ್ಲಿದ್ದು ನೀರಿನ ಜೊತೆ ಮನುಷ್ಯನ ಮೈ ಸೇರುತ್ತದೆ. ಸುಮಾರು ಒಂದು ವರ್ಷದ ಬಳಿಕ ಕಾಲಿನಲ್ಲಿ ಗುಳ್ಳೆಯೆದ್ದು ಹೊರಗೆ ಇಣುಕುತ್ತದೆ. ಉರಿ ತಾಳಲಾರದೆ ರೋಗಿ ಕಾಲನ್ನು ಬಾವಿಯ ನೀರಿಗಿಟ್ಟರೆ ಸಾವಿರಾರು ಮರಿಗಳು ನೀರಿಗಿಳಿದು ಹೊಸ ಸುತ್ತು ಶುರುವಾಗುತ್ತದೆ. ಈ ಚಕ್ರವನ್ನು 1870ರ ಸುಮಾರಿಗೆ ತುರ್ಕಿಸ್ತಾನದಲ್ಲಿ ಬಿಡಿಸಿ ತೋರಿಸಿದವನು ರಷ್ಯಾದ ಅಲೆಕ್ಸಿ ಫೆಡ್ಚೆಂಕೊ. ಮದ್ದಿಲ್ಲದ ಈ ರೋಗಕ್ಕೆ ಉಪಾಯ ನೀರಿನಲ್ಲೇ ಇತ್ತು: ಬಟ್ಟೆಯಲ್ಲಿ ಸೋಸುವುದು, ಬಾವಿಗೆ ಟೆಮೆಫಾಸ್ ಔಷಧ ಹಾಕುವುದು, ಎಲ್ಲಕ್ಕಿಂತ ಮೇಲಾಗಿ ಪಾವಟಿಗೆ ಬಾವಿಗಳಿಗೆ ಕಟ್ಟೆ ಕಟ್ಟಿ ಸೇದುವ ಬಾವಿಗಳಾಗಿ ಮಾಡುವುದು, ಇಲ್ಲವೇ ಮುಚ್ಚಿ ಬೋರು ಹಾಕುವುದು. ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ 1980ರ ದಶಕದ ಆರಂಭದಿಂದ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ನಡೆಯಿತು. ದೇಶದ ಕೊನೆಯ ರೋಗಿ 1996ರಲ್ಲಿ ರಾಜಸ್ಥಾನದಲ್ಲಿ ಕಂಡುಬಂದ. 2000ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ಎಂದು ಘೋಷಿಸಿತು. ಭಾರತದ ಸಾರ್ವಜನಿಕ ಆರೋಗ್ಯದ ಇತಿಹಾಸದಲ್ಲಿ ಇಷ್ಟು ಪೂರ್ತಿಯಾದ ಗೆಲುವು ಎರಡೋ ಮೂರೋ ಇರಬಹುದು. ಅದೇ ಗೆಲುವು ಊರ ಜನರನ್ನು ಮೇಲಿನ ನೀರಿನಿಂದ ಬಂಡೆಯ ಸಂದಿನ ನೀರಿಗೆ ಇಳಿಸಿತು. ಆ ಬಂಡೆ ನೀರಿಗೆ ಏನು ಬೆರೆಸುತ್ತದೆ ಎಂದು ಆಗ ಕೇಳಿದವರು ಕಡಿಮೆ.

ನೀರಿನ ಅಳತೆಯ ಕಥೆ ಬೋರಿನ ಕಥೆಗಿಂತ ಹಳೆಯದು. ಭೀಮೆಯ ಮೇಲ್ಕಣಿವೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಆಧುನಿಕ ನೀರಾವರಿಯ ಕೆಲವು ಮುಖ್ಯ ಪ್ರಯೋಗಗಳು ಅಲ್ಲಿ ನಡೆದವು. ಮುಂಬಯಿ ಲೋಕೋಪಯೋಗಿ ಇಲಾಖೆಯಲ್ಲಿದ್ದ ಎಂ. ವಿಶ್ವೇಶ್ವರಯ್ಯ ಪುಣೆ ಬಳಿಯ ಖಡಕ್‌ವಾಸ್ಲಾ ಅಣೆಕಟ್ಟೆಗೆ ತಾನಾಗಿ ತೆರೆದು ಮುಚ್ಚುವ ಬಾಗಿಲುಗಳನ್ನು ಕೂಡಿಸಿದ್ದು 1903ರಲ್ಲಿ. ನೀರಾ ಕಾಲುವೆಯಲ್ಲಿ ಸರದಿಯ ಮೇಲೆ ನೀರು ಕೊಡುವ ಬ್ಲಾಕ್ ಪದ್ಧತಿ ತಂದವರೂ ಅವರೇ. ಮುಠಾ, ನೀರಾ ಎರಡೂ ಭೀಮೆಗೆ ಸೇರುವ ನೀರು. 1908ರ ಸೆಪ್ಟೆಂಬರ್‌ನಲ್ಲಿ ಮೂಸಿ ಹೊಳೆ ಹೈದರಾಬಾದನ್ನು ಕೊಚ್ಚಿಹಾಕಿದಾಗ ನಿಜಾಮ ಸರಕಾರ ಅವರನ್ನೇ ಕರೆಸಿತು. ಊರಿನೊಳಗೆ ದಂಡೆ ಏರಿಸುವ ಉಪಾಯಕ್ಕೆ ನಿಲ್ಲದೆ ಅವರು ಇಡೀ ಜಲಾನಯನವನ್ನು ನೋಡಿದರು. ಮೇಲ್ಭಾಗದ 788 ಕೆರೆಗಳಲ್ಲಿ 221 ಒಡೆದಿದ್ದವು ಎಂಬ ಲೆಕ್ಕ ಅವರ ವಿವರಣೆಯ ತಿರುಳಾಯಿತು. ಪ್ರವಾಹವನ್ನು ಮೇಲೆಯೇ ತಡೆಯುವ ಎರಡು ಜಲಾಶಯಗಳ ಸಲಹೆ ಅಲ್ಲಿಂದ ಹುಟ್ಟಿತು. ಗುಲ್ಬರ್ಗಾ, ಯಾದಗಿರಿ, ಶಹಾಪುರ ಎಲ್ಲವೂ ಆಗ ಅದೇ ನಿಜಾಮ ರಾಜ್ಯದಲ್ಲಿದ್ದವು.

1916ರಲ್ಲಿ ಪುಣೆಯಲ್ಲಿ ಹುಟ್ಟಿದ ನೀರಾವರಿ ವಿಶೇಷ ವಿಭಾಗ ಮುಂದೆ ಖಡಕ್‌ವಾಸ್ಲಾದ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರವಾಯಿತು. ಅಲ್ಲಿ ಕೆಲಸ ಮಾಡಿದ ಇಂಗ್ಲಿಸ್ ಮತ್ತು ಡಿಸೋಜಾ ಪಶ್ಚಿಮ ಭಾರತದ 53 ಹೊಳೆ-ಹಳ್ಳಗಳ ಅಳತೆ ಕಲೆಹಾಕಿ, ಮಳೆಯಿಂದ ಹರಿವನ್ನು ಅಂದಾಜು ಮಾಡುವ ಎರಡು ಸೂತ್ರ ಕೊಟ್ಟರು: ಘಟ್ಟಕ್ಕೆ ಒಂದು, ದಖ್ಖನಿನ ಬಯಲಿಗೆ ಇನ್ನೊಂದು. ಎಂಜಿನಿಯರಿಂಗ್ ಪಠ್ಯಗಳಲ್ಲಿ ಅವು ಇಂದಿಗೂ ಇವೆ. ಬಯಲಿನ ಸೂತ್ರದಲ್ಲಿ, ಸೆಂಟಿಮೀಟರ್‌ನಲ್ಲಿ ಅಳೆದ ಮಳೆಯಿಂದ 17.8 ಕಳೆದು, ಉಳಿದುದನ್ನು ಮಳೆಯಿಂದಲೇ ಗುಣಿಸಿ 254ರಿಂದ ಭಾಗಿಸಬೇಕು. ವರ್ಷಕ್ಕೆ 70 ಸೆಂ.ಮೀ. ಮಳೆ ಬೀಳುವ ಬಯಲಿಗೆ ಉತ್ತರ 14 ಸೆಂ.ಮೀ.ಗೆ ಸ್ವಲ್ಪ ಮೇಲೆ, ಅಂದರೆ ಬಿದ್ದುದರಲ್ಲಿ ಐದನೆಯ ಒಂದು ಪಾಲು ಹರಿದುಹೋಗುತ್ತದೆ. ಮಳೆ 50 ಸೆಂ.ಮೀ.ಗೆ ಇಳಿದರೆ ಹರಿವು ಸುಮಾರು 6.3 ಸೆಂ.ಮೀ.ಗೆ ಕುಸಿಯುತ್ತದೆ. ಮಳೆ ಮೂರರಲ್ಲೊಂದು ಪಾಲಿನಷ್ಟೂ ಕಡಿಮೆಯಾಗಿಲ್ಲ. ಹಳ್ಳದ ನೀರು ಅರ್ಧಕ್ಕಿಂತ ಹೆಚ್ಚು ಮಾಯವಾಗಿದೆ. ಬರಗಾಲ ಈ ಸೀಮೆಯಲ್ಲಿ ಯಾಕೆ ಇಷ್ಟು ಕ್ರೂರ ಎಂಬುದನ್ನು ಈ ಪುಟ್ಟ ಗುಣಾಕಾರ ಚೆನ್ನಾಗಿ ಹೇಳುತ್ತದೆ.

ಅಳತೆಗೆ ನ್ಯಾಯಾಲಯದ ಬಲ ಬಂದದ್ದು 1969ರಲ್ಲಿ, ಆರ್.ಎಸ್. ಬಚಾವತ್ ಅಧ್ಯಕ್ಷತೆಯ ಕೃಷ್ಣಾ ಜಲವಿವಾದ ನ್ಯಾಯಾಧಿಕರಣ ರಚನೆಯಾದಾಗ. ವಿಜಯವಾಡದ ಬಳಿ 19ನೇ ಶತಮಾನದಲ್ಲೇ ಅಣೆಕಟ್ಟೆ ಇದ್ದುದರಿಂದ 1894-95ರಿಂದ 1971-72ರವರೆಗಿನ 78 ವರ್ಷಗಳ ಹರಿವಿನ ಸರಣಿ ಕೈಗೆ ಸಿಕ್ಕಿತು. ನೂರರಲ್ಲಿ 75 ವರ್ಷ ನಂಬಬಹುದಾದ ಹರಿವು 2060 ಟಿಎಂಸಿ ಎಂದು ಅದರಿಂದ ತೀರ್ಮಾನವಾಯಿತು. 1973ರ ತೀರ್ಪು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಎಂದು ಹಂಚಿತು. ಬ್ರಿಜೇಶ್ ಕುಮಾರ್ ನೇತೃತ್ವದ ಎರಡನೆಯ ನ್ಯಾಯಾಧಿಕರಣ 2010ರಲ್ಲಿ ಇನ್ನೊಂದು ಸರಣಿ ಹಿಡಿಯಿತು: 1961-62ರಿಂದ 2007-08ರವರೆಗಿನ 47 ವರ್ಷ. ನಂಬಿಕೆಯ ಮಟ್ಟವನ್ನು ಶೇಕಡಾ 65ಕ್ಕೆ ಇಳಿಸಿದಾಗ 2293 ಟಿಎಂಸಿ ಲೆಕ್ಕಕ್ಕೆ ಬಂತು. ನದಿ ಅದೇ, ಯಾವ ವರ್ಷಗಳನ್ನು ಆರಿಸಿಕೊಂಡೆವು, ಎಷ್ಟು ಅಪಾಯ ಒಪ್ಪಿಕೊಂಡೆವು ಎಂಬುದರ ಮೇಲೆ ನೂರಾರು ಟಿಎಂಸಿ ಹುಟ್ಟಿದವು. ಜಲವಿಜ್ಞಾನ ಎಷ್ಟರ ಮಟ್ಟಿಗೆ ಸಂಖ್ಯಾಶಾಸ್ತ್ರ, ಎಷ್ಟರ ಮಟ್ಟಿಗೆ ತೀರ್ಮಾನ ಎಂಬುದಕ್ಕೆ ಇಷ್ಟು ದೊಡ್ಡ ಉದಾಹರಣೆ ಭಾರತದಲ್ಲಿ ಬೇರೆ ಸಿಗಲಾರದು. ಎರಡೂ ತೀರ್ಪುಗಳ ಕೇಂದ್ರದಲ್ಲಿದ್ದುದು ಪ್ರಮಾಣ. ಆ ನೀರಿನಲ್ಲಿ ಏನು ಕರಗಿದೆ ಎಂಬುದು ಹಂಚಿಕೆಯ ಲೆಕ್ಕದೊಳಗೆ ಬರಲಿಲ್ಲ.

2007ರಲ್ಲಿ ಅಂತಾರಾಷ್ಟ್ರೀಯ ಜಲ ನಿರ್ವಹಣಾ ಸಂಸ್ಥೆ ಕೃಷ್ಣಾ ಕಣಿವೆಯನ್ನು ‘ಮುಚ್ಚುತ್ತಿರುವ ಕಣಿವೆ’ ಎಂದು ವಿವರಿಸುವ ವರದಿ ತಂದಿತು. ಅಣೆಕಟ್ಟು, ಕಾಲುವೆ, ಬೋರುಗಳೆಲ್ಲ ಸೇರಿ ಸಮುದ್ರಕ್ಕೆ ಹೋಗುವ ನೀರನ್ನು ಹೇಗೆ ತೀರ ಕಡಿಮೆ ಮಾಡಿವೆ ಎಂಬುದು ಅದರ ವಿಷಯ. ಹರಿವು ತಗ್ಗಿದ ಹೊಳೆಯಲ್ಲಿ ಕಲ್ಮಶ ತೆಳುವಾಗುವುದಿಲ್ಲ. ಕೇಂದ್ರೀಯ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದಿಭಾಗಗಳನ್ನು ಹೆಸರಿಸಿತು, ಕರ್ನಾಟಕದ್ದು 17. ಕೃಷ್ಣೆಯಲ್ಲಿ ಯಡೂರವಾಡಿಯಿಂದ ತಿಂಥಣಿ ಸೇತುವೆವರೆಗೆ, ಭೀಮೆಯಲ್ಲಿ ಗಾಣಗಾಪುರದಿಂದ ಯಾದಗಿರಿವರೆಗೆ ಎಂದು ಆ ಪಟ್ಟಿಯಲ್ಲಿದೆ. ತಿಂಥಣಿ ಮೌನೇಶ್ವರನ ಜಾತ್ರೆಗೆ ಬಂದವರು ಕೃಷ್ಣೆಯಲ್ಲಿ ಮಿಂದು ದರ್ಶನಕ್ಕೆ ಹೋಗುವ ಜಾಗ ಅದು.

ಮತ್ತೆ ನೆಲದಡಿಗೆ ಬರೋಣ. ನಿಜಾಮ ರಾಜ್ಯದಲ್ಲಿ ಹೈದರಾಬಾದ್ ಭೂವೈಜ್ಞಾನಿಕ ಸಮೀಕ್ಷೆಯ ಮುಖ್ಯಸ್ಥನಾಗಿದ್ದ ಕ್ಯಾಪ್ಟನ್ ಲಿಯೊನಾರ್ಡ್ ಮನ್ ಬಾವಿ ತೋಡುವ ಇಲಾಖೆಯ ಕೆಲಸವನ್ನೂ ನೋಡಿಕೊಂಡವನು. ಬಂಡೆಯ ಜಾತಿ ನೋಡಿ ಬಾವಿಯ ಜಾಗ ಹೇಳುವ ಪದ್ಧತಿ ಈ ಕಡೆಗೆ ಹೀಗೆ ಬಂತು. ಅದೇ ಮನ್ ಈ ಸೀಮೆಯ ಪುರಾತನ ಚಿನ್ನದ ಗಣಿಗಳ ಬಗ್ಗೆಯೂ ಬರೆದ. ಕುಡಿಯುವ ನೀರಿನ ಬಾವಿ ಮತ್ತು ಚಿನ್ನದ ಗಣಿ ಎರಡನ್ನೂ ಒಬ್ಬನೇ ನೋಡಿದ. ಆ ಎರಡರ ನಡುವಿನ ನಂಟು ಬೆಳಕಿಗೆ ಬರಲು ಇನ್ನೂ ಮುಕ್ಕಾಲು ಶತಮಾನ ಬೇಕಾಯಿತು.

1960-70ರ ದಶಕಗಳ ಬರಗಾಲಗಳು ಬೋರಿನ ಯುಗ ತಂದವು. ಗಟ್ಟಿಕಲ್ಲನ್ನು ಗಂಟೆಗಳಲ್ಲಿ ಕೊರೆಯುವ ಯಂತ್ರಗಳನ್ನು ಯುನಿಸೆಫ್ ತಂದುಕೊಟ್ಟಿತು. ಮುರಿಯದ ಕೈಪಂಪಿನ ಹುಡುಕಾಟ ಭೀಮಾ ಕಣಿವೆಯಲ್ಲೇ ಇರುವ ಸೊಲ್ಲಾಪುರದಿಂದ ಶುರುವಾಯಿತು. ಅಲ್ಲಿನ ಸೋಲಾಪುರ ಪಂಪನ್ನು ತಿದ್ದಿ ತೀಡಿ ರೂಪಿಸಿದ್ದೇ ಇಂಡಿಯಾ ಮಾರ್ಕ್-2. ಮುಂದೆ ಆಫ್ರಿಕಾದ ಹಳ್ಳಿಗಳವರೆಗೂ ಹೋದ ಕೈಪಂಪು. ಉತ್ತರ ಕರ್ನಾಟಕದಲ್ಲಿ ಅದಕ್ಕೆ ‘ಬೋರಿಂಗ್’ ಎಂದೇ ಹೆಸರು. ಕೇಂದ್ರೀಯ ಅಂತರ್ಜಲ ಮಂಡಳಿ ರೂಪುಗೊಂಡದ್ದೂ 1970ರ ದಶಕದ ಆರಂಭದಲ್ಲೇ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಮಣ್ಣಿಗೆ ಟ್ರೀಷಿಯಂ ಸೇರಿಸಿ, ಅದು ಮಳೆಯೊಡನೆ ಎಷ್ಟು ಆಳಕ್ಕಿಳಿಯಿತು ಎಂದು ನೋಡಿ ಮರುಪೂರಣ ಅಳೆದರು. ಗ್ರಾನೈಟ್ ಪ್ರದೇಶಗಳಲ್ಲಿ ಬಿದ್ದ ಮಳೆಯ ಹತ್ತರಲ್ಲೊಂದು ಪಾಲಿನ ಆಸುಪಾಸಷ್ಟೇ ಅಂತರ್ಜಲ ಸೇರುತ್ತದೆ ಎಂಬುದು ಆ ಪ್ರಯೋಗಗಳ ಸಾರ.

ಬೋರಿನ ನೀರು ಕಣ್ಣಿಗೆ ತಿಳಿ, ಬಾಯಿಗೆ ತಂಪು, ಹುಳವಿಲ್ಲ. ಫ್ಲೋರೈಡ್ ಅದರಲ್ಲಿದ್ದರೂ ರುಚಿಯಿಂದ ತಿಳಿಯದು. ಭಾರತದಲ್ಲಿ ಇದು ಮೊದಲು ವೈದ್ಯರ ಗಮನಕ್ಕೆ ಬಂದದ್ದು 1937ರಲ್ಲಿ, ಆಗಿನ ನೆಲ್ಲೂರು ಜಿಲ್ಲೆಯಲ್ಲಿ. ಅದಕ್ಕೂ ಮೊದಲೇ ಅಲ್ಲಿನ ರೈತರು ಉಳುವ ಎತ್ತುಗಳು ಕಾಲು ಎತ್ತಲಾರದೆ ನಿಂತುಬಿಡುವುದನ್ನು ಕಂಡಿದ್ದರು. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ, ಮೊಣಕಾಲು ಒಳಕ್ಕೆ ಬಾಗುವ ಹೊಸ ಬಗೆಯ ಫ್ಲೋರೋಸಿಸ್ಸನ್ನು ವರದಿ ಮಾಡಿದರು. ರೋಗಿಗಳಲ್ಲಿ ಹೆಚ್ಚಿನವರು ಎಳೆಯರು, ಜೋಳ ಉಂಡು ಬದುಕುವ ಮನೆಗಳವರು. ಜೋಳದಲ್ಲಿನ ಮಾಲಿಬ್ಡಿನಂ ಮೈಯ ತಾಮ್ರವನ್ನು ಹೊರಹಾಕಿಸಿ ಮೂಳೆಯನ್ನು ಇನ್ನಷ್ಟು ದುರ್ಬಲಗೊಳಿಸುತ್ತದೆಯೇ ಎಂದು ಆ ಸಂಸ್ಥೆ ಮುಂದಿನ ವರ್ಷಗಳಲ್ಲಿ ಪರೀಕ್ಷಿಸಿತು. ರೊಟ್ಟಿಯೇ ಊಟವಾದ ಯಾದಗಿರಿ ಸೀಮೆಗೆ ಈ ಸಂಶೋಧನೆ ಪರವೂರಿನ ಸುದ್ದಿ ಅಲ್ಲ. ನಾಗಪುರದ ನೀರಿ ಸಂಸ್ಥೆ ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿ ಬಳಸಿ ಫ್ಲೋರೈಡ್ ತೆಗೆಯುವ ನಲ್ಗೊಂಡ ವಿಧಾನ ರೂಪಿಸಿದ್ದೂ ಆ ದಶಕದಲ್ಲೇ.

ಫ್ಲೋರೈಡ್ ಯಾಕೆ ಒಂದು ಬೋರಿನಲ್ಲಿ ಹೆಚ್ಚು, ಪಕ್ಕದ ಬೋರಿನಲ್ಲಿ ಕಡಿಮೆ? ಇದಕ್ಕೆ ಉತ್ತರ ಹುಡುಕುತ್ತ ವೈದ್ಯರ ವಿಷಯ ಭೂರಸಾಯನದ ವಿಷಯವಾಯಿತು. ಗ್ರಾನೈಟಿನಲ್ಲಿರುವ ಫ್ಲೋರೈಟ್, ಅಪಟೈಟ್, ಕಪ್ಪು ಅಭ್ರಕಗಳಲ್ಲಿ ಫ್ಲೋರಿನ್ ಇದೆ. ನೀರು ಬಂಡೆಯ ಬಿರುಕಿನಲ್ಲಿ ಎಷ್ಟು ಕಾಲ ನಿಲ್ಲುತ್ತದೋ ಅಷ್ಟು ಅದು ಕರಗುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಫ್ಲೋರೈಡನ್ನು ಹಿಡಿದು ಕೆಳಗಿಳಿಸುತ್ತದೆ. ಒಣ ಸೀಮೆಯ ಎರಿ ನೆಲದಲ್ಲಿ ಕ್ಯಾಲ್ಸಿಯಂ ಮೊದಲೇ ಸುಣ್ಣದ ಹರಳಾಗಿ ಮಣ್ಣಿನಲ್ಲಿ ಕೂತುಬಿಡುತ್ತದೆ. ಕೆಳಗಿಳಿಯುವ ನೀರು ಸೋಡಿಯಂ, ಬೈಕಾರ್ಬನೇಟ್ ತುಂಬಿಕೊಂಡು ಹೋಗುತ್ತದೆ, ಫ್ಲೋರೈಡಿಗೆ ತಡೆ ಇರುವುದಿಲ್ಲ. ಹೈದರಾಬಾದ್ ಬಳಿಯ ಮಹೇಶ್ವರಂನಲ್ಲಿ ಭಾರತ-ಫ್ರಾನ್ಸ್ ತಂಡ ವರ್ಷಗಟ್ಟಲೆ ನಡೆಸಿದ ಅಧ್ಯಯನ ಇನ್ನೊಂದು ಕೊಂಡಿ ತೋರಿಸಿತು. ಬೋರಿನ ನೀರೆತ್ತಿ ಭತ್ತಕ್ಕೆ ಬಿಟ್ಟಾಗ ಅರ್ಧ ಆವಿಯಾಗಿ, ಉಳಿದದ್ದು ಉಪ್ಪು ಗಟ್ಟಿಯಾಗಿಸಿಕೊಂಡು ಮತ್ತೆ ಅದೇ ಪದರಕ್ಕಿಳಿಯುತ್ತದೆ. ಮತ್ತೆ ಎತ್ತುತ್ತಾರೆ, ಮತ್ತೆ ಇಳಿಯುತ್ತದೆ. ಪ್ರತಿ ಸುತ್ತಿನಲ್ಲೂ ಕರಗಿದ ಉಪ್ಪಿನ ಜೊತೆ ಫ್ಲೋರೈಡಿನ ಸಮಸ್ಯೆಯೂ ಬಿಗಡಾಯಿಸುತ್ತದೆ. ನೀರು ಎಷ್ಟು ಎತ್ತಿದೆವು ಎಂಬುದೇ ನೀರು ಎಂಥದ್ದು ಎಂಬುದನ್ನು ನಿರ್ಧರಿಸುತ್ತದೆ ಎಂಬ ಮಾತಿಗೆ ಅಲ್ಲಿ ಲೆಕ್ಕದ ಆಧಾರ ಸಿಕ್ಕಿತು.

ಆದರೂ ಈ ಸೀಮೆಯನ್ನು ಜಗತ್ತಿನ ವಿಜ್ಞಾನ ಪತ್ರಿಕೆಗಳಿಗೆ ತಲುಪಿಸಿದ್ದು ಫ್ಲೋರೈಡ್ ಅಲ್ಲ, ಆರ್ಸೆನಿಕ್.

ಆರ್ಸೆನಿಕ್ ಎಂದರೆ ಬಂಗಾಳ ಎಂದು ದೇಶ ನಂಬಿದ್ದ ಕಾಲವದು. 1983ರಲ್ಲಿ ಕೋಲ್ಕತ್ತದ ಉಷ್ಣವಲಯ ವೈದ್ಯ ಶಾಲೆಯಲ್ಲಿ ಚರ್ಮವೈದ್ಯ ಕೆ.ಸಿ. ಸಾಹಾ ಗುರುತಿಸಿದ ರೋಗಿಗಳಿಂದ ಆ ಅಧ್ಯಯನ ಶುರುವಾಗಿತ್ತು. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ 1988ರಿಂದ ಅದನ್ನೇ ಬದುಕಿನ ಕೆಲಸ ಮಾಡಿಕೊಂಡರು. ಪಶ್ಚಿಮ ಬಂಗಾಳ, ಬಾಂಗ್ಲಾದೇಶ, ಬಿಹಾರದ ಹಳ್ಳಿಗಳನ್ನು ಸುತ್ತಿ ಲಕ್ಷಾಂತರ ನಳಬಾವಿಗಳ ನೀರು ಅಳೆಸಿದರು. ಅಲ್ಲೆಲ್ಲ ಆರ್ಸೆನಿಕ್ ಇದ್ದದ್ದು ಹಿಮಾಲಯದಿಂದ ಬಂದ ಮೆಕ್ಕಲು ಮಣ್ಣಿನಲ್ಲಿ. ಗಟ್ಟಿಕಲ್ಲಿನ ದಖ್ಖನಿನಲ್ಲಿ ಅದನ್ನು ಹುಡುಕುವ ಯೋಚನೆ ಬಹಳ ಕಾಲ ಹೆಚ್ಚಿನವರಿಗೆ ಬರಲಿಲ್ಲ. ಆದರೆ ಸುರಪುರ ತಾಲ್ಲೂಕಿನಲ್ಲಿ ಮಂಗಳೂರು ಎಂಬ ಊರಿದೆ (ಕರಾವಳಿಯ ನಗರವಲ್ಲ). ಅದರ ಹೆಸರಿನ ಹಸಿರುಶಿಲೆಯ ಪಟ್ಟಿ ಚಿನ್ನಕ್ಕೆ ಹೆಸರುವಾಸಿ, ಹಳೆಯ ಗಣಿಗಳಿರುವ ನೆಲ. ಇಂಥ ನೆಲದಲ್ಲಿ ಚಿನ್ನವಿರುವ ಬೆಣಚುಕಲ್ಲಿನ ಜೊತೆ ಆರ್ಸೆನೊಪೈರೈಟ್ ಎಂಬ ಖನಿಜ ಇರುವುದು ವಾಡಿಕೆ. ಗಾಳಿ-ನೀರು ತಾಗಿದರೆ ಅದು ಕೊಳೆತು ಆರ್ಸೆನಿಕ್ ಬಿಡುತ್ತದೆ.

ಈ ಪಟ್ಟಿಯಲ್ಲಿರುವ ಲಂಬಾಣಿಗರ ಕಿರದಳ್ಳಿ ತಾಂಡಾದಲ್ಲಿ ಅಂಗೈ-ಅಂಗಾಲು ಗಂಟುಗಟ್ಟಿದವರು, ಮೈಮೇಲೆ ಕಪ್ಪು-ಬಿಳಿ ಚುಕ್ಕೆಯೆದ್ದವರು ಕಾಣತೊಡಗಿದ ಮೇಲೆ ನೀರಿನ ಮೇಲೆ ಅನುಮಾನ ಬಂತು. ವಿಜಯಪುರದ ಬಿಎಲ್‌ಡಿಇ ವಿಶ್ವವಿದ್ಯಾಲಯದ ಕುಸಾಲ್ ದಾಸ್ ಮುಂತಾದವರ ಜೊತೆಗೂಡಿ ಚಕ್ರವರ್ತಿ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. 59 ಬೋರುಗಳ ನೀರಿನಲ್ಲಿ ಶೇಕಡಾ 79ರಷ್ಟು, ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಮಿತಿಯನ್ನು ಮೀರಿದ್ದವು. ಅತಿ ಹೆಚ್ಚು ಸಿಕ್ಕಿದ್ದು 303. ಕೂದಲು, ಉಗುರು ಕೊಟ್ಟ 171 ಜನರಲ್ಲಿ ಪ್ರತಿಯೊಬ್ಬರ ಮೈಯಲ್ಲೂ ಆರ್ಸೆನಿಕ್ ಹೆಚ್ಚಿತ್ತು. ತಪಾಸಣೆಗೆ ಬಂದ 181 ಜನರಲ್ಲಿ ಶೇಕಡಾ 58.6 ಮಂದಿಗೆ ಚರ್ಮದ ಗುರುತುಗಳಿದ್ದವು.

ಆ ಪ್ರಬಂಧದಲ್ಲಿ ಎಲ್ಲಕ್ಕಿಂತ ಬೆಚ್ಚಿಬೀಳಿಸುವ ಸಂಖ್ಯೆ ನೀರಿನದ್ದಲ್ಲ, ಮಣ್ಣಿನದ್ದು. 12 ಕಡೆ ತೆಗೆದ ಮೇಲ್ಮಣ್ಣಿನಲ್ಲಿ ಆರು ಮಾದರಿಗಳಲ್ಲಿ ಕಿಲೋಗ್ರಾಂಗೆ 2000 ಮಿಲಿಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಇತ್ತು. ಗಣಿಯ ಪುಡಿಕಲ್ಲು ಬಂದು ಬಿದ್ದದ್ದರಿಂದ ಹೀಗಾಗಿರಬಹುದು ಎಂದು ತಂಡ ಊಹಿಸಿತು. ಮಕ್ಕಳು ಆಡುವ, ಹೆಂಗಸರು ಸಾರಿಸುವ ಅಂಗಳದ ಮಣ್ಣು ಅದು. ಮುಖ್ಯ ದಾರಿ ನೀರೇ ಎಂದು ಅಧ್ಯಯನ ಹೇಳಿದರೂ, ಮಣ್ಣಿನಿಂದಲೂ ಮೈ ಸೇರುತ್ತಿರಬಹುದು ಎಂಬ ಎಚ್ಚರಿಕೆಯನ್ನೂ ಕೊಟ್ಟಿತು. ಬಂಡೆಯ ಪಾಲೆಷ್ಟು, ಮನುಷ್ಯನ ಗಣಿಯ ಪಾಲೆಷ್ಟು ಎಂಬುದಕ್ಕೆ ಇನ್ನೂ ಅಧ್ಯಯನ ಬೇಕೆಂದಿತು. ಚಕ್ರವರ್ತಿ 2018ರಲ್ಲಿ ತೀರಿಕೊಂಡರು. ಬಾವಿ ಬದಲಿಸಿದರೆ ತೀರುವ ತೊಂದರೆ ಇದಲ್ಲ ಎಂಬುದು ಅವರ ತಂಡ ಈ ಸೀಮೆಗೆ ಕೊಟ್ಟ ತಿಳಿವಳಿಕೆ.

ಗೋಗಿಯ ಕಥೆ ತಿರುಗುಮುರುಗು. ಇಲ್ಲಿ ರೋಗಕ್ಕಿಂತ ಮೊದಲು ಅದಿರು ಬಂತು. ಆದಿಲ್‌ಶಾಹಿ ಸುಲ್ತಾನರ ಸಮಾಧಿಗಳಿರುವ ದರ್ಗಾದ ಊರಿದು. ಭೀಮಾ ಕಣಿವೆಯ ಸುಣ್ಣಕಲ್ಲು ಮತ್ತು ಅದರಡಿಯ ಗ್ರಾನೈಟ್ ಕೂಡುವ ಕಡೆ, ಕುರ್ಲಗೇರಿ-ಗೋಗಿ-ಗುಂಡಹಳ್ಳಿ ಸ್ತರಭಂಗದ ಉದ್ದಕ್ಕೂ ಯುರೇನಿಯಂ ಇದೆ ಎಂದು ಪರಮಾಣು ಖನಿಜ ನಿರ್ದೇಶನಾಲಯ 1990ರ ದಶಕದಲ್ಲಿ ಕಂಡುಕೊಂಡಿತು. ಗಣಿಯ ಯೋಜನೆಗೆ ಊರವರಿಂದ ವಿರೋಧವೂ ಬಂತು. ಗಣಿಗಾರಿಕೆ ಶುರುವಾಗುವ ಮೊದಲೇ ಸುತ್ತಲಿನ ನೀರು ಹೇಗಿದೆ ಎಂಬ ಅಧ್ಯಯನ ನಡೆದದ್ದು ಇಲ್ಲಿನ ವಿಶೇಷ. ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಎಲ್. ಇಳಂಗೋ ತಂಡ ಬಾವಿ, ಬೋರು, ಮೇಲ್ಮೈ ನೀರುಗಳ ರಸಾಯನವನ್ನು ಕಲೆಹಾಕಿ, ಅವು ಒಂದಕ್ಕೊಂದು ಹೇಗೆ ಬೆರೆಯುತ್ತವೆ ಎಂಬುದರ ಮಾದರಿ ಕಟ್ಟಿತು. ಮುಂದೆ ಏನಾದರೂ ಕೆಟ್ಟರೆ ‘ಮೊದಲು ಹೀಗಿತ್ತು’ ಎಂದು ತೋರಿಸಲು ಇಂಥ ದಾಖಲೆ ಬೇಕು. ಕಿರದಳ್ಳಿಗೆ ಆ ಭಾಗ್ಯ ಇರಲಿಲ್ಲ.

ಯುರೇನಿಯಂ ನೀರಿಗೆ ಬರಲು ಗಣಿಯೇ ಬೇಕೆಂದಿಲ್ಲ. ಬೆಂಗಳೂರಿನ ಆರ್. ಶ್ರೀನಿವಾಸನ್, ಮಂಗಳೂರು ವಿಶ್ವವಿದ್ಯಾಲಯದ ಎನ್. ಕರುಣಾಕರ ಮತ್ತಿತರರು ಪೂರ್ವ ಕರ್ನಾಟಕದ 73 ಹಳ್ಳಿಗಳ ಕುಡಿಯುವ ಅಂತರ್ಜಲ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ, 57 ಹಳ್ಳಿಗಳ ನೀರು ವಿಶ್ವ ಆರೋಗ್ಯ ಸಂಸ್ಥೆಯ 30 ಮೈಕ್ರೋಗ್ರಾಂ ಮಿತಿಯನ್ನು, 48 ಹಳ್ಳಿಗಳದ್ದು ಭಾರತದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ 60ರ ಮಿತಿಯನ್ನು ದಾಟಿತ್ತು. ಅಲ್ಲಿ ಯುರೇನಿಯಂ ಗಣಿಯಿಲ್ಲ, ಆಳದ ಗ್ರಾನೈಟ್ ಮತ್ತು ಆಳದ ಬೋರು ಸಾಕಾಯಿತು. ಯುರೇನಿಯಂ ಎಂದೊಡನೆ ಜನ ವಿಕಿರಣಕ್ಕೆ ಹೆದರುತ್ತಾರೆ. ಕುಡಿಯುವ ನೀರಿನ ಮಟ್ಟದಲ್ಲಿ ಮೂತ್ರಪಿಂಡಕ್ಕೆ ಅದರ ರಾಸಾಯನಿಕ ವಿಷವೇ ಹೆಚ್ಚಿನ ಭಯ.

1982ರಲ್ಲಿ ನಾರಾಯಣಪುರ ಅಣೆಕಟ್ಟು ಮುಗಿದ ಮೇಲೆ ಕೃಷ್ಣೆಯ ನೀರು ಈ ನೆಲಕ್ಕೆ ಏರಿತು. ಶಹಾಪುರ, ಹುಣಸಗಿ, ಮುಡಬಾಳ, ಜೇವರ್ಗಿ, ಇಂಡಿ ಶಾಖಾ ಕಾಲುವೆಗಳಾದವು. ಭೀಮರಾಯನಗುಡಿ ಅಚ್ಚುಕಟ್ಟು ಅಭಿವೃದ್ಧಿಯ ಕೇಂದ್ರವಾಯಿತು. ಯೋಜನೆ ಹೇಳಿದ್ದು ಜೋಳ, ಶೇಂಗಾ, ಹತ್ತಿ, ಕಾಳುಗಳ ಮಿತ ನೀರಾವರಿ. ಹೊಲಕ್ಕೆ ಬಂದದ್ದು ಭತ್ತ. ಎರಿ ಮಣ್ಣು ನೀರನ್ನು ಬಿಟ್ಟುಕೊಡದ ಮಣ್ಣು. ತಗ್ಗಿನ ಹೊಲಗಳಲ್ಲಿ ನೀರಿನ ಮಟ್ಟ ಬೇರಿನವರೆಗೆ ಏರಿ ಜವಳಾಗುತ್ತದೆ, ಬಿಸಿಲಿಗೆ ಉಪ್ಪು ಮೇಲೆ ಬಂದು ಸವಳಾಗುತ್ತದೆ. ಅತ್ತ ಕಾಲುವೆಯ ಕೊನೆಯ ಊರಿನ ರೈತ ನೀರಿಗಾಗಿ ಕಾಯುತ್ತಾನೆ. ನೀರಾ ಕಾಲುವೆಯಲ್ಲಿ ಶತಮಾನದ ಹಿಂದೆ ಕಂಡ ರೋಗವೇ ಇದು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಕುರಿತ ಅಖಿಲ ಭಾರತ ಯೋಜನೆಯ ಕೆಲಸ ತುಂಗಭದ್ರಾ ಅಚ್ಚುಕಟ್ಟಿನ ಅನುಭವದ ಮೇಲೆ ನಿಂತಿದೆ. ನೆಲದಡಿ ತೂತಿನ ಕೊಳವೆ ಹಾಕಿ ನೀರು ಬಸಿಯುವ ವಿಧಾನ ಅಲ್ಲಿ ಫಲ ಕೊಟ್ಟಿದೆ. ಬಸಿದ ಉಪ್ಪುನೀರು ಯಾವ ಹಳ್ಳಕ್ಕೆ ಹೋಗಬೇಕು ಎಂಬ ಪ್ರಶ್ನೆ ಮಾತ್ರ ತೆರೆದೇ ಇದೆ.

ಕಾಲುವೆ ಬೇಸಾಯದ ಜೊತೆ ಗೊಬ್ಬರವೂ ಬಂತು. ಗುಂಡ್ಲುಪೇಟೆ ಬಳಿಯ ಬೇರಂಬಾಡಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಶೇಖರ್ ಮತ್ತು ಫ್ರೆಂಚ್ ಸಹೋದ್ಯೋಗಿಗಳು ಒಂದೇ ಕಿರುಜಲಾನಯನವನ್ನು ವರ್ಷಗಟ್ಟಲೆ ಬಿಡದೆ ಹಿಂಬಾಲಿಸಿದ್ದಾರೆ. ನೂರಾರು ಬೋರುಗಳ ನೀರಿನಲ್ಲಿ ಅವರು ನೈಟ್ರೇಟ್ ಅಳೆದರು. ಪೊಟ್ಯಾಷ್ ಗೊಬ್ಬರದ ಕ್ಲೋರೈಡ್ ಹೇಗೆ ಅಂತರ್ಜಲವನ್ನು ಸವಳಾಗಿಸುತ್ತಿದೆ ಎಂದು 2020ರಲ್ಲಿ ತೋರಿಸಿದರು. ಒಂದೇ ಜಾಗವನ್ನು ಹಿಡಿದು ಕೂರುವ ಈ ಛಲ ನಮ್ಮ ಜಲಸಂಶೋಧನೆಯಲ್ಲಿ ಅಪರೂಪ. ಬೇರೆಡೆ ಹೆಚ್ಚಾಗಿ ಕಾಣುವುದು ಒಂದು ಬೇಸಿಗೆಯಲ್ಲಿ ಮಾದರಿ ತೆಗೆದು, ಗುಣಸೂಚ್ಯಂಕ ಲೆಕ್ಕ ಹಾಕಿ ಮುಗಿಸಿದ ಪ್ರಬಂಧಗಳು. ಅಂತರ್ಜಲ ಮಂಡಳಿಯ ವೀಕ್ಷಣಾ ಬಾವಿಗಳಲ್ಲೂ ನೀರಿನ ಮಟ್ಟವನ್ನು ವರ್ಷಕ್ಕೆ ನಾಲ್ಕು ಸಲ ನೋಡುವುದು ವಾಡಿಕೆ. ಗುಣಕ್ಕೆ ಬಹುಕಾಲ ಸಿಕ್ಕಿದ್ದು ಮುಂಗಾರಿಗೆ ಮೊದಲಿನ ಒಂದು ಸರದಿ.

2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ಗೆ ಪ್ರಧಾನಿ ಎರಡು ಕೆಲಸಗಳಿಗೆ ಬಂದರು. ಒಂದು, ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣದ ಉದ್ಘಾಟನೆ. ನಾಲ್ಕೂವರೆ ಲಕ್ಷ ಹೆಕ್ಟೇರ್ ಅಚ್ಚುಕಟ್ಟಿನ ತೂಬುಗಳನ್ನು ದೂರದಿಂದಲೇ ನೋಡಿ ತೆರೆದು ಮುಚ್ಚುವ ಸ್ಕಾಡಾ ವ್ಯವಸ್ಥೆ ಅದರ ಭಾಗ. ಇನ್ನೊಂದು, ಜಲಜೀವನ ಮಿಷನ್ ಅಡಿ ಯಾದಗಿರಿ ಬಹುಗ್ರಾಮ ಕುಡಿಯುವ ನೀರಿನ ಯೋಜನೆಯ ಶಂಕುಸ್ಥಾಪನೆ: ದಿನಕ್ಕೆ 11.7 ಕೋಟಿ ಲೀಟರ್ ಶುದ್ಧೀಕರಿಸುವ ಘಟಕ, 700ಕ್ಕೂ ಹೆಚ್ಚು ಜನವಸತಿಗಳಿಗೆ ಮತ್ತು ಮೂರು ಪಟ್ಟಣಗಳಿಗೆ ಹೊಳೆಯ ನೀರು. ಫ್ಲೋರೈಡ್, ಆರ್ಸೆನಿಕ್, ಯುರೇನಿಯಂ ಮೂರಕ್ಕೂ ಇದು ನಿಜವಾದ ಉತ್ತರ. ಬೋರಿನಿಂದ ಹೊಳೆಗೆ ಮರಳುವುದು. ಆದರೆ ಮರುತಿಂಗಳೇ ಗುರುಮಠಕಲ್ ತಾಲ್ಲೂಕಿನ ಅನಪುರದಲ್ಲಿ ಕಲುಷಿತ ನೀರು ಕುಡಿದು ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಸಾವುಗಳೂ ಆದವು. ಮೇಲಿನ ನೀರಿಗೆ ಮರಳಿದರೆ ರೋಗಾಣುವಿನ ಪ್ರಶ್ನೆಯೂ ಮರಳುತ್ತದೆ. ಘಟಕದಿಂದ ಹೊರಟ ನೀರು ನಲ್ಲಿ ತಲುಪುವವರೆಗೆ ಎಲ್ಲಿ ಕೊಳವೆ ಒಡೆದಿದೆ, ಎಲ್ಲಿ ಚರಂಡಿಯ ನಡುವೆ ಹಾದಿದೆ ಎಂಬುದನ್ನು ಪ್ರಯೋಗಾಲಯ ಹೇಳಲಾರದು. ಊರೊಳಗೆ ದಿನವೂ ಕ್ಲೋರಿನ್ ನೋಡುವವರು ಹೇಳಬಲ್ಲರು.

ನಡುವಿನ ಈ ಕಾಲದಲ್ಲಿ ಊರುಗಳು ನಿಂತಿರುವುದು ಶುದ್ಧ ಕುಡಿಯುವ ನೀರಿನ ಘಟಕಗಳ ಮೇಲೆ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಂಡು ಬೈಕಿನ ಮೇಲಿಟ್ಟು ಒಯ್ಯುವ ‘ಫಿಲ್ಟರ್ ನೀರು’. ಅದರ ಪೊರೆ ಫ್ಲೋರೈಡನ್ನು ತೆಗೆಯುತ್ತದೆ, ತೆಗೆದುದನ್ನು ಗಟ್ಟಿಯಾದ ತ್ಯಾಜ್ಯನೀರಿನಲ್ಲಿ ಪಕ್ಕದ ಚರಂಡಿಗೆ ಬಿಡುತ್ತದೆ. ಪೊರೆ ಸವೆದರೂ ನೀರು ಬರುತ್ತಲೇ ಇರುತ್ತದೆ. ಜಲಜೀವನ ಮಿಷನ್ ಹಳ್ಳಿಯ ಮಹಿಳೆಯರಿಗೆ ತರಬೇತಿ ಕೊಟ್ಟು ಪರೀಕ್ಷಾ ಕಿಟ್ ಕೈಗಿತ್ತದ್ದು ಈ ಕ್ಷೇತ್ರದ ಇತ್ತೀಚಿನ ಒಳ್ಳೆಯ ಬೆಳವಣಿಗೆ. ಫ್ಲೋರೈಡ್, ನೈಟ್ರೇಟ್, ಗಡಸುತನ, ಉಳಿಕೆ ಕ್ಲೋರಿನ್, ರೋಗಾಣುವಿನ ಸುಳಿವನ್ನು ಅದು ಊರಲ್ಲೇ ತೋರಿಸುತ್ತದೆ. ಯುರೇನಿಯಂ ಅದರಲ್ಲಿಲ್ಲ, ಆರ್ಸೆನಿಕ್‌ಗೆ ಬೇರೆಯೇ ಕಿಟ್ ಬೇಕು.

ವಿಜಯವಾಡದ 78 ವರ್ಷಗಳ ಸರಣಿಯಿಂದ ಮೂರು ರಾಜ್ಯಗಳು ನೀರು ಹಂಚಿಕೊಂಡವು. ಕುಡಿಯುವ ನೀರಿನ ಗುಣಕ್ಕೆ ಅಂಥ ಸರಣಿ ಕಟ್ಟಲು ಶಹಾಪುರ-ಸುರಪುರಕ್ಕಿಂತ ತಕ್ಕ ಜಾಗ ಸಿಗದು. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕಾಲೇಜು ಭೀಮರಾಯನಗುಡಿಯಲ್ಲೇ ಇದೆ. ರೂರ್ಕಿಯ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಗಟ್ಟಿಶಿಲಾ ಕೇಂದ್ರ ಬೆಳಗಾವಿಯಲ್ಲಿದೆ. ಕಲಬುರಗಿಯಲ್ಲಿ, ವಿಜಯಪುರದಲ್ಲಿ ವೈದ್ಯಕೀಯ ಕಾಲೇಜುಗಳಿವೆ. ವನದುರ್ಗದಂಥ ಊರಿನ ಕಾಲುವೆ ನೀರು, ಹಳೆಯ ಬಾವಿ, ಆಳದ ಬೋರು, ಭತ್ತದ ಹೊಲದ ಬಸಿನೀರು, ಫಿಲ್ಟರ್ ಘಟಕದ ಒಳ-ಹೊರ ನೀರುಗಳನ್ನು ಮುಂಗಾರಿನ ಮೊದಲು, ಮಳೆಯ ನಡುವೆ, ಹಿಂಗಾರಿನ ಬಳಿಕ, ಕಾಲುವೆ ಬಂದ್ ಆದ ಬೇಸಿಗೆಯಲ್ಲಿ ಅಳೆಯಬೇಕು. ಅದೇ ಊರಿನ ಮಕ್ಕಳ ಹಲ್ಲು, ಮೂಳೆ, ಮೂತ್ರದ ತಪಾಸಣೆಯನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ಬಂದ ಫಲಿತಾಂಶ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಬೇಕು.